ಹೊಸಿಲು ದಾಟದ ನಿಯಮ

ಗಾಳ ಹಾಕುವ ಹವ್ಯಾಸ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಅದಕ್ಕೂ ಒಂದು ಕಟ್ಟುಪಾಡು ಬೇಕೆಂದು ಮೊದಲು ಹಟ ಹಿಡಿದವರು, ಮೀನುಗಾರಿಕೆ ಅಧಿಕಾರಿಗಳಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ರೇಣುಕಪ್ರಸಾದ್ ಅವರು. ಮೀನು ಮುಟ್ಟದ ಶೈವ ಮನೆತನದಲ್ಲಿ ಹುಟ್ಟಿ ಈ ಕೆಲಸಕ್ಕೆ ಸೇರಿದಾಗ ಬಂಧುಬಳಗವೆಲ್ಲ ಮೂಗು ಮುರಿದಿತ್ತು. ಅವರು ಜಗಳವಾಡಲಿಲ್ಲ. ಸಂಜೆ ಸ್ನಾನ ಮಾಡಿಯೇ ಒಳಗೆ ಹೋಗುವುದು, ಮೀನಿನ ಮಾತನ್ನು ಹೊಸಿಲಾಚೆಯೇ ಬಿಡುವುದು ಎಂಬ ಒಪ್ಪಂದಕ್ಕೆ ಬಂದರು, ಅದನ್ನು ನಿವೃತ್ತಿಯ ಅಂಚಿನವರೆಗೂ ಪಾಲಿಸಿದರು.

ಪಾವಗಡದಲ್ಲಿ ತೆಲುಗು ಕಲಿತು, ಶಿರಾದಲ್ಲಿ ಒಂದಿಷ್ಟು ಉರ್ದು ಕಲಿತು, ಹೋದಲ್ಲೆಲ್ಲ ಅವರು ಸಾರಿದ್ದು ಒಂದೇ ಮಾತು: ಗಾಳಕ್ಕೆ ಹಿಟ್ಟು ಸಿಕ್ಕಿಸಿ, ಬೇರೆ ಊರಿನ ಜೀವಂತ ಮೀನನ್ನು ಮಾತ್ರ ಕೆರೆಗೆ ತರಬೇಡಿ. ತೋವಿನಕೆರೆಯ ದಾರಿಯಲ್ಲಿ ಮೀನುಮರಿಗಳ ಗಾಡಿ ಕೆಟ್ಟು ನಿಂತಾಗ, ಮರಿಗಳಿಗೆ ಉಸಿರು ಸಿಗಲೆಂದು ಡ್ರಮ್ಮಿನ ನೀರನ್ನು ಕೈಯಲ್ಲೇ ಚಿಮ್ಮುತ್ತ ನಿಂತಿದ್ದ ಆ ಅಧಿಕಾರಿಯನ್ನು ಕೊರಟಗೆರೆ ಸೀಮೆಯವರು ಇಂದಿಗೂ ನೆನೆಯುತ್ತಾರೆ.

ಕಳೆದ ವರ್ಷ ಮಧುಗಿರಿ ತಾಲ್ಲೂಕಿನ ಪುರವರದ ಬಳಿ, ಅವರ ಮನೆಗೆ ಕೂಗಳತೆಯ ಕೆರೆಯಲ್ಲಿ, ಗಾಳದ ಸ್ಪರ್ಧೆ ನಡೆಯಿತು. ಶಿರಾದಿಂದ ಬಂದ ಅಂಜನ್ ಕುಮಾರ್ ಎಂಬ ಉತ್ಸಾಹಿ, ಕೊರಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸಲೆಂದು ಬಕೆಟ್ಟಿನಲ್ಲಿ ಜೀವಂತ ಮರಿಗಳನ್ನು ತಂದಿದ್ದ. ಮರಿಗಳ ಮೀಸೆ ನೋಡಿದೊಡನೆ ರೇಣುಕಪ್ರಸಾದರಿಗೆ ತಿಳಿಯಿತು. ಅವು ಆಫ್ರಿಕನ್ ಕ್ಯಾಟ್‌ಫಿಶ್. ಹೊಕ್ಕ ಕೆರೆಯಲ್ಲಿ ಬೇರೆ ಮರಿಗಳನ್ನು ಉಳಿಸುವ ಜಾತಿಯಲ್ಲ. ಬಕೆಟ್ ಕಿತ್ತುಕೊಂಡರು. ಮರುದಿನ ಸೋಮವಾರ, ಮನೆಯಲ್ಲಿ ಪೂಜೆಯ ದಿನ. ಪೂಜೆ ಮುಗಿದ ಮೇಲೆ ದೂರ ಒಯ್ದು ಹೂಳಿದರಾಯಿತೆಂದು ಜಗಲಿಯ ಕೆಳಗಿಟ್ಟರು. ಎಂದಿನ ಅಭ್ಯಾಸ, ಹೆಂಡತಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಗುದ್ದಲಿ ಹಿಡಿದು ಬಂದರೆ ಬಕೆಟ್ಟನ್ನು ತೊಳೆದು ಬೋರಲು ಹಾಕಿತ್ತು.

"ಕೆರೆಗೆ ಬುಟ್ಬಂದೆ ಕಣ್ರೀ," ಎಂದರು ಪತ್ನಿ ಚನ್ನಮಲ್ಲಮ್ಮ, ವಿಭೂತಿ ಹಚ್ಚಿದ ಹಣೆಯಲ್ಲಿ ನಗುತ್ತ. "ಬಾಗಿಲ ಮುಂದೆ ಜೀವ ಒದ್ದಾಡ್ತಿದ್ರೆ ಪೂಜೆ ಹೆಂಗೆ ಮಾಡ್ಲಿ?"

ನಾಲ್ಕು ತಾಲ್ಲೂಕಿಗೆ ಹೇಳಿದ್ದನ್ನು ರೇಣುಕಪ್ರಸಾದರು ತಮ್ಮ ನಾಲ್ಕು ಗೋಡೆಯೊಳಗೆ ಹೇಳಿರಲೇ ಇಲ್ಲ. ಹಿಂದಿನ ವಾರವಷ್ಟೇ ಮೀನುಗಾರ ಕುಟುಂಬಗಳು ಆ ಕೆರೆಗೆ ಕಾಟ್ಲಾ ಮರಿ ಬಿಟ್ಟಿದ್ದವು. ಅವರ ವರ್ಷದ ಅನ್ನ ಅದರಲ್ಲಿತ್ತು. ಬಾಯಿ ಬಿಡದಿದ್ದರೆ ತಪ್ಪು ಅಂಜನ್ ಕುಮಾರನ ತಲೆಗೇ ಹೋಗುತ್ತಿತ್ತು. ಅವರು ಗುದ್ದಲಿಯನ್ನು ಅಲ್ಲೇ ಇಟ್ಟು, ಆ ಕುಟುಂಬಗಳ ಸಂಘ ನಡೆಸುವ ಪುಟ್ಟಕ್ಕನ ಮನೆಗೆ ನಡೆದು, ತಮ್ಮ ಮನೆಯಿಂದಲೇ ಹೀಗಾಯಿತೆಂದು ಹೇಳಿದರು.

"ನಿಮ್ಮನೇಲೇ ಇಂಗಾದ್ರೆ ನಾವಿನ್ಯಾರ್ನ ಕೇಳಾನ ಸಾ?" ಎಂದಳು ಪುಟ್ಟಕ್ಕ.

ರೇಣುಕಪ್ರಸಾದರು ಸ್ಪರ್ಧೆಯವರನ್ನೆಲ್ಲ ಮತ್ತೆ ಕರೆಸಿದರು. ಬಲೆ ಬೀಸಿದರೆ ಕಾಟ್ಲಾ ಮರಿಗಳೂ ಸಾಯುವುದರಿಂದ ಗಾಳವೊಂದೇ ದಾರಿಯಾಗಿತ್ತು. ಸೇವೆಯುದ್ದಕ್ಕೂ ಗಾಳ ಮುಟ್ಟದವರು ಅಂಜನ್ ಕುಮಾರನಿಂದಲೇ ಅದನ್ನು ಕಲಿತು ಏರಿಯ ಮೇಲೆ ಕೂತರು. ಮೊದಲು ಸಿಕ್ಕ ಕ್ಯಾಟ್‌ಫಿಶ್ಶಿನ ಹೊಟ್ಟೆ ಸೀಳಿದಾಗ ಕಾಟ್ಲಾ ಮರಿಗಳು ಸುರಿದವು. ಊಟ ತಂದಿದ್ದ ಚನ್ನಮಲ್ಲಮ್ಮ ಬುತ್ತಿ ಹಿಡಿದಂತೆಯೇ ಕಲ್ಲಾಗಿ ನಿಂತರು.

"ಪುಣ್ಯ ಅಂದ್ಕಂಡಿದ್ದೆ," ಎಂದರು. ಆ ದಿನ ಇಬ್ಬರೂ ಬುತ್ತಿ ಬಿಚ್ಚಲಿಲ್ಲ.

ಕೆರೆಯಲ್ಲಿ ಇನ್ನೆಷ್ಟು ಕ್ಯಾಟ್‌ಫಿಶ್ ಉಳಿದಿವೆಯೋ ಯಾರೂ ಬಲ್ಲವರಿಲ್ಲ. ಪುಟ್ಟಕ್ಕನ ಕೆರೆ ಮೊದಲಿನಂತಾಗುವುದನ್ನು ಕಣ್ಣಾರೆ ಕಂಡು, ಆಮೇಲೂ ಬಹುಕಾಲ ಈ ದಂಪತಿಗಳು ಆರೋಗ್ಯದಿಂದ ಬಾಳಲಿ, ಅವರ ಮಾತು ನಮ್ಮ ಕೆರೆಗಳನ್ನು ಕಾಯುತ್ತಿರಲಿ ಎಂದು ನಮ್ಮೆಲ್ಲರ ಹಾರೈಕೆ. ನಿವೃತ್ತಿಯ ನಂತರದ ಕೆಲಸವನ್ನು ಅವರು ಈಗಾಗಲೇ ಗೊತ್ತುಮಾಡಿಕೊಂಡಿದ್ದಾರೆ. ಸೋಮವಾರದ ಪೂಜೆ ಮುಗಿದೊಡನೆ ಚನ್ನಮಲ್ಲಮ್ಮ ಮೀನಿನ ಮಾತೇ ಹೊಗದಿದ್ದ ಅಡುಗೆಮನೆಯಲ್ಲಿ ಕೂತು, ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ, ಗಂಡನ ಗಾಳಕ್ಕೆ ಉಂಡೆ ಕಟ್ಟುತ್ತಾರೆ.