ಬೆಣ್ಣೆ ಡ್ರೈವರ್ ಸಲಾಡ್ ಸ್ಪಿನ್ನರ್ ಕೊಂಡದ್ದು

ಬಸ್ ಡಿಪೋದಲ್ಲಿ ಅವನ ಹೆಸರು ಹಾಜರಿ ಹಾಕುವವನಿಗೆ ಬಿಟ್ಟರೆ ಇನ್ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಬೆಣ್ಣೆ. ಮೇಲಿನವರಿಗೆ ಬೆಣ್ಣೆ ಹಚ್ಚುತ್ತಿದ್ದ ಎಂದಲ್ಲ, ಅದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವನು ಬಸ್ಸು ನಿಲ್ಲಿಸಿದರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ನಿಂತವರು ಕಂಬಿ ಹಿಡಿಯಬೇಕಾಗಿರಲಿಲ್ಲ. ತೂಕಡಿಸುತ್ತಿದ್ದವರು ತಮ್ಮ ಸ್ಟಾಪು ಬಂದುಹೋದದ್ದೇ ಗೊತ್ತಾಗಲಿಲ್ಲವೆಂದು ಅವನ ಮೇಲೇ ರೇಗುತ್ತಿದ್ದರು. "ಒಂಚೂರು ಜರ್ಕ್ ಆದ್ರೂ ಕೊಡಬಾರದಾ ಪುಣ್ಯಾತ್ಮ, ಎಚ್ಚರ ಆಗ್ತಿತ್ತು" ಎಂದು ಒಬ್ಬ ಮುದುಕ ಬೈದದ್ದನ್ನು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಸ್ವಂತ ಹೊಗಳಿಕೆಯನ್ನು ಬೈಗುಳದ ವೇಷದಲ್ಲಿ ಹೇಳಿಕೊಳ್ಳುವುದು ಸುಲಭ. ಹೆಂಡತಿ ಪ್ರತಿ ಸಲವೂ ನಗುತ್ತಿದ್ದಳು, ಪಾಪ.

ಬ್ರೇಕಿನ ಮೇಲಿಡುವ ಕಾಲು ನೆಟ್ಟಗೇ ಇತ್ತು. ಕೈಕೊಟ್ಟದ್ದು ಕೈ.

ಎಡಗೈಯ ಹಿಡಿತ ಸತ್ತುಹೋಗಿತ್ತು. ನೋವಿಲ್ಲ, ಬಾವಿಲ್ಲ, ನೋಡಿದರೆ ಬಲಗೈಯಷ್ಟೇ ಚೆನ್ನಾಗಿದೆ. ಬೀಗದ ಕೈ ಹಿಡಿದರೆ ಮಾತ್ರ ಟಣ್ಣೆಂದು ನೆಲಕ್ಕೆ. ಅಂಗಿಯ ಗುಂಡಿ ಹಾಕುವಷ್ಟರಲ್ಲಿ ಬೆವರು. ಡಿಪೋದಲ್ಲಿ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಕಳಿಸುತ್ತಾರೆ, ಆಮೇಲೆ ಸ್ಟೀರಿಂಗ್ ಬಿಡಿಸಿ, ಬಸ್ಸಿನಲ್ಲಿ ಜನ ಮರೆತುಹೋದ ಛತ್ರಿ ಚೀಲಗಳನ್ನು ಕಾಯುವ ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ಹಾಗೆ ಕೂತ ಒಬ್ಬನನ್ನು ಅವನು ದಿನಾ ನೋಡುತ್ತಿದ್ದ. ಒಂದು ಕಾಲಕ್ಕೆ ಹುಲಿಯಂಥ ಡ್ರೈವರು, ಈಗ ಛತ್ರಿಗಳ ನಡುವೆ ಬಾಯಿಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ. ಬೆಣ್ಣೆಗೆ ಅದಕ್ಕಿಂತ ಸಾವು ವಾಸಿ ಅನ್ನಿಸುತ್ತಿತ್ತು.

ಆದ್ದರಿಂದ ಯಾರಿಗೂ ಹೇಳಲಿಲ್ಲ. ಕಟ್ಟಿಕೊಂಡವಳಿಗೂ ಹೇಳಲಿಲ್ಲ. ಎಡ ಮುಂಗೈಯನ್ನು ಸ್ಟೀರಿಂಗಿನ ಒಳಗಿಂದ ಕೊಕ್ಕೆಯ ಹಾಗೆ ಸಿಕ್ಕಿಸಿ, ಬಲಗೈಯಲ್ಲೇ ತಿರುವು ತೆಗೆಯುವುದನ್ನು ಕಲಿತ. ಹೊಸ ಬಸ್ಸುಗಳ ಸ್ಟೀರಿಂಗು ಹಗುರ, ಗೇರೂ ತಾನಾಗೇ ಬೀಳುತ್ತದೆ, ಅದು ಅವನ ಸುಳ್ಳಿಗೆ ಸಾಥ್ ಕೊಟ್ಟಿತು. ಬಲಗೈ ಇದೆಯಲ್ಲ, ಕಾಲು ಇದೆಯಲ್ಲ, ಕಣ್ಣು ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬಸ್ಸು ತುಂಬ ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹೋಗುವವನು ಆಡುವ ಮಾತೇ ಇದು? ಅಲ್ಲ. ಆದರೆ ನಮಗೆ ಬೇಕಾದದ್ದನ್ನು ನಮ್ಮ ಮನಸ್ಸಿಗೆ ಒಪ್ಪಿಸಲು ವಕೀಲರು ಬೇಕಾಗುವುದಿಲ್ಲ.

ಇಷ್ಟರ ನಡುವೆ ಮನೆಗೆ ಸೊಪ್ಪು ಬಂತು. ಹೆಂಡತಿಯ ಸಕ್ಕರೆ ಏರಿದೆಯೆಂದು ಡಾಕ್ಟರು ರಾತ್ರಿ ಊಟಕ್ಕೆ ಮುಂಚೆ ಒಂದು ಬಟ್ಟಲು ಹಸಿ ಎಲೆ ತಿನ್ನಲು ಹೇಳಿದ್ದರು. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು, ಮನೆಗೆ ಬರುವಾಗ ಹೊತ್ತು ಮುಳುಗಿರುತ್ತಿತ್ತು. ಹಾಗಾಗಿ ಎಲೆ ತೊಳೆಯುವುದು ಅವನ ಪಾಲಿನ ಕೆಲಸ. ಎಲೆಯಲ್ಲಿ ನೀರು ಉಳಿದರೆ ಅವಳಿಗೆ ಆಗದು. "ಒದ್ದೆ ಕರ್ಚೀಫು ಅಗೀತಾ ಇರೋ ಹಾಗಿದೆ" ಎಂದು ತಟ್ಟೆ ಸರಿಸುತ್ತಿದ್ದಳು. ಅದಕ್ಕೆ ಅವನು ಒಂದು ಉಪಾಯ ಮಾಡಿದ್ದ. ತೊಳೆದ ಎಲೆಗಳನ್ನು ಟವಲಿನಲ್ಲಿ ಹಾಕಿ, ನಾಲ್ಕೂ ಮೂಲೆ ಸೇರಿಸಿ ಹಿಡಿದು, ಹಿಂದಿನ ಬಾಲ್ಕನಿಯಲ್ಲಿ ನಿಂತು ಗಿರಗಿರನೆ ಬೀಸುವುದು. ನೀರೆಲ್ಲ ಗೋಡೆಗೆ, ಎಲೆಯೆಲ್ಲ ಬಟ್ಟಲಿಗೆ.

ಅವನು ಹುಟ್ಟಾ ಎಡಚ. ಒಂದು ಸಂಜೆ ಯಾವುದೋ ಯೋಚನೆಯಲ್ಲಿ ನಾಲ್ಕೂ ಮೂಲೆ ಎಡಗೈಗೇ ಕೊಟ್ಟು ಬೀಸಿಬಿಟ್ಟ. ಎಡಗೈ ಬಿಟ್ಟಿತು. ಕೆಳಗಿನ ಮನೆಯ ಟೀಚರಮ್ಮ ಒಣಹಾಕಿದ್ದ ಬಿಳಿ ಬೆಡ್‌ಶೀಟಿನ ತುಂಬ ಹಸಿರೋ ಹಸಿರು.

ಟೀಚರಮ್ಮ ತಲೆಯೆತ್ತಿ ಕೂಗಿದರು. "ಏನ್ರೀ ಇದು, ಮೇಲಿಂದ ಹೂಮಳೇನಾ?"

"ಟವಲ್ ಜಾರ್ತು ಟೀಚರ್, ತಪ್ಪಾಯ್ತು."

"ಟವಲ್ಲಿಗೆ ತಪ್ಪಾಯ್ತು ಅನ್ನೋಕೆ ಹೇಳಿ. ಬಂದು ಆರಿಸ್ಕೊಂಡು ಹೋಗಿ."

ಅವನು ಹೋಗಿ ಆರಿಸಿಕೊಂಡು ಬಂದ, ಬಲಗೈಯಲ್ಲಿ. ಹೆಂಡತಿ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಸಾಕು ಈ ಸರ್ಕಸ್ಸು. ಇದಕ್ಕೇ ಅಂತ ಒಂದು ಡಬ್ಬ ಬರುತ್ತಂತೆ, ಸಲಾಡ್ ಸ್ಪಿನ್ನರ್ ಅಂತೆ. ಭಾನುವಾರ ಹೋಗಿ ತರೋಣ" ಎಂದಳು. ಅವನಿಗೂ ಅದೇ ಬೇಕಿತ್ತು. ಕೈಯ ಗುಟ್ಟು ಕಾಯಲು ಇನ್ನೊಬ್ಬ ಗುಲಾಮ ಸಿಕ್ಕಿದ ಹಾಗಾಯಿತೆಂದು ಖುಷಿಪಟ್ಟ.

ಪಾತ್ರೆ ಅಂಗಡಿಯ ಎರಡನೇ ಮಹಡಿಯಲ್ಲಿ, ತುರಿಯುವ ಹೆಚ್ಚುವ ಸಾಮಾನುಗಳ ಪಕ್ಕ, ಮೂರು ಬಗೆಯ ಸ್ಪಿನ್ನರುಗಳನ್ನು ಇಟ್ಟಿದ್ದರು. ಮೂರಕ್ಕೂ ಹೊರಗೊಂದು ಬೋಗುಣಿ, ಒಳಗೊಂದು ತೂತಿನ ಬುಟ್ಟಿ, ಮೇಲೊಂದು ಮುಚ್ಚಳ. ಬುಟ್ಟಿ ತಿರುಗಿದರೆ ಎಲೆಯ ನೀರು ಸಿಡಿದು ಬೋಗುಣಿ ಸೇರುತ್ತದೆ. ಒಂದಕ್ಕೆ ದಾರ ಎಳೆಯಬೇಕು. ಇನ್ನೊಂದಕ್ಕೆ ಮುಚ್ಚಳದ ಮೇಲಿನ ಹಿಡಿ ತಿರುಗಿಸಬೇಕು. ಮೂರನೆಯದಕ್ಕೆ ನಡುವೆ ಒಂದು ದಪ್ಪ ಗುಂಡಿ, ಅದನ್ನು ಒತ್ತುತ್ತ ಹೋದರೆ ಬುಟ್ಟಿ ತಾನೇ ತಿರುಗುತ್ತದೆ. ಅಂಗಡಿಯ ಹುಡುಗಿ ನಾಲ್ಕು ಬಾಡಿದ ಎಲೆ ಇಟ್ಟುಕೊಂಡು ಬೆಳಗಿನಿಂದ ಅವನ್ನೇ ನೆನೆಸಿ ತಿರುಗಿಸಿ ತೋರಿಸುತ್ತಿದ್ದಳು.

ಹೆಂಡತಿ ದಾರದ್ದನ್ನು ಎಳೆದು ನೋಡಿ, "ಇದು ಕೆಟ್ಟುಹೋಗೋದು ದಾರದಿಂದಲೇ. ದಾರದ ಹಣೆಬರಹ ನನಗೆ ಹೇಳ್ಬೇಡಮ್ಮ" ಎಂದು ಬದಿಗಿಟ್ಟಳು. ಹಿಡಿ ತಿರುಗಿಸುವುದು ಅವಳಿಗೆ ಹಿಡಿಸಿತು. ಬಿಚ್ಚಿದರೆ ಮೂರೇ ಭಾಗ, ಸಂದಿಗೊಂದಿಯಿಲ್ಲ, ತೊಳೆಯಲು ಸುಲಭ.

"ನನಗೆ ಈ ಒತ್ತೋದೇ ಸರಿ ಕಾಣುತ್ತೆ" ಎಂದ ಅವನು.

"ಅದರೊಳಗೆ ಸ್ಪ್ರಿಂಗ್ ಇರುತ್ತೆ ರೀ. ನೀರು ಕೂತು ಕಿಲುಬು ಹಿಡಿಯುತ್ತೆ."

"ಇಲ್ಲ ಆಂಟಿ" ಎಂದಳು ಹುಡುಗಿ. "ಇದೇ ಜಾಸ್ತಿ ಹೋಗೋದು. ಒಂದೇ ಕೈ ಸಾಕು. ಇನ್ನೊಂದು ಕೈಯಲ್ಲಿ ಫೋನ್ ನೋಡ್ಬಹುದು."

"ಕೇಳಿದ್ಯಾ? ಒಂದೇ ಕೈ ಸಾಕಂತೆ" ಎಂದು ಅವನು ಹುಡುಗಿಯನ್ನು ಹರಸುವವನ ಹಾಗೆ ತಲೆಯಾಡಿಸಿದ. ಹೆಂಡತಿ ಮೂಗು ಮುರಿದಳು, ಆದರೆ ಅರ್ಧ ಒಪ್ಪಿದ್ದಳು. ಅಲ್ಲಿಗೇ ಸುಮ್ಮನಿದ್ದಿದ್ದರೆ ಅವನು ಗೆದ್ದಂತೆಯೇ. ಸುಮ್ಮನಿರುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಹುಡುಗಿ ಕೊನೆಗೊಂದು ವಿಶೇಷ ತೋರಿಸಿದಳು. "ಇದಕ್ಕೆ ಬ್ರೇಕೂ ಇದೆ ಅಂಕಲ್" ಎಂದು ಬದಿಯ ಸಣ್ಣ ಬಟನ್ ಒತ್ತಿದಳು. ರೊಯ್ಯನೆ ತಿರುಗುತ್ತಿದ್ದ ಬುಟ್ಟಿ ಟಕ್ಕೆಂದು ನಿಂತಿತು, ಎಲೆಗಳೆಲ್ಲ ಒಂದೇ ಕಡೆ ಹೋಗಿ ಗುಡ್ಡೆಬಿದ್ದವು.

ಬೆಣ್ಣೆಗೆ ಮೈಯೆಲ್ಲ ಉರಿಯಿತು. "ಇದನ್ನ ಬ್ರೇಕ್ ಅಂತಾರೇನಮ್ಮ? ನಿಂತಿರೋರೆಲ್ಲ ಮುಗ್ಗರಿಸಿ ಬಿದ್ರು ನೋಡು!"

"ಎಲೆ ಅಲ್ವಾ ಅಂಕಲ್?"

"ಎಲೆ ಆದ್ರೇನು? ನಿಲ್ಲಿಸೋದು ಅಂದ್ರೆ ಹೇಗೆ ಅಂತ ಇಲ್ಲಿ ನೋಡು" ಎಂದವನೇ ಹಿಡಿಯಿರುವ ಸ್ಪಿನ್ನರನ್ನು ಮುಂದಕ್ಕೆಳೆದುಕೊಂಡು, ಎಲೆಗಳನ್ನು ಅದಕ್ಕೆ ಸುರಿದು, ಬಲಗೈಯಲ್ಲಿ ಗರಗರ ತಿರುಗಿಸತೊಡಗಿದ. ವೇಗ ಏರಿಸಿ, ಆಮೇಲೆ ನವಿರಾಗಿ ಇಳಿಸಿ, ಎಲೆ ಕೂತಲ್ಲೇ ಕೂತಿರುವಂತೆ ನಿಲ್ಲಿಸಿ ತೋರಿಸಬೇಕೆಂಬುದು ಲೆಕ್ಕ. ಹಿಡಿಯ ಸ್ಪಿನ್ನರನ್ನು ತಿರುಗಿಸಲು ಒಂದು ಕೈ, ಮುಚ್ಚಳ ಅದುಮಿ ಹಿಡಿಯಲು ಇನ್ನೊಂದು ಕೈ ಬೇಕೆಂಬುದು ಆ ಹೊತ್ತಿನಲ್ಲಿ ಅವನಿಗೆ ಹೊಳೆಯಲಿಲ್ಲ. ಅಭ್ಯಾಸದಂತೆ ಎಡಗೈ ಮುಚ್ಚಳದ ಮೇಲೆ ಹೋಗಿ ಕೂತಿತು. ಕೂತಿತು, ಅಷ್ಟೇ. ಡಬ್ಬ ಗಡಗಡ ನಡುಗುತ್ತ ಮೇಜಿನ ಅಂಚಿನ ಕಡೆ ಹೊರಟಿತು.

"ಗಟ್ಟಿಯಾಗಿ ಹಿಡೀರಿ" ಎಂದಳು ಹೆಂಡತಿ.

"ಮೇಜು ಜಾರುತ್ತೆ ಕಣೇ, ಗಾಜಿನ ಮೇಜು."

ಅವಳು ತನ್ನ ಅಂಗೈಯನ್ನು ಅವನ ಎಡಗೈ ಮೇಲಿಟ್ಟು, "ಒತ್ತಿ" ಎಂದಳು.

"ಒತ್ತಿದ್ದೀನಲ್ಲ."

ಅವಳು ಕೈ ತೆಗೆಯಲಿಲ್ಲ. ಬುಟ್ಟಿ ನಿಂತ ಮೇಲೂ ತೆಗೆಯಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ಪರದೆಯ ಅಂಚು ಸವರುವ ಹಾಗೆ. ಅವನು ಅಂಗಡಿ ಹುಡುಗಿಯ ಕಡೆ ತಿರುಗಿ, "ನಮ್ಮಾಕೆಗೆ ಇನ್ನೂ ನನ್ನ ಕೈ ಹಿಡಿಯೋ ಆಸೆ ಹೋಗಿಲ್ಲ ನೋಡಮ್ಮ" ಎಂದ. ಹುಡುಗಿ ನಕ್ಕಳು. ಹೆಂಡತಿ ನಗಲಿಲ್ಲ.

"ಆ ಒತ್ತೋದನ್ನೇ ಕೊಡಮ್ಮ" ಎಂದಳು.

"ಸ್ಪ್ರಿಂಗ್ ಕಿಲುಬು ಹಿಡಿಯುತ್ತೆ ಅಂದ್ಯಲ್ಲೇ?" ಎಂದು ಅವನು ಕೇಳಿದ.

"ಹಿಡೀಲಿ ಬಿಡಿ."

ವಾದ ಮಾಡದೆ ಒಂದು ಚಮಚವನ್ನೂ ಕೊಂಡವಳಲ್ಲ ಅವಳು. ಅವಳಿಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾದದ್ದು ಆಗಲೇ. ಮನೆಯವರೆಗೂ ಇಬ್ಬರೂ ನಡೆದೇ ಬಂದರು. ಡಬ್ಬದ ಚೀಲವನ್ನು ಅವಳೇ ಹಿಡಿದಿದ್ದಳು. ಅವನು ಕೊಡು ಎಂದು ಕೈ ಚಾಚಿದಾಗ ಚೀಲವನ್ನು ಆಚೆ ಬದಿಗೆ ಬದಲಾಯಿಸಿಕೊಂಡಳು.

ಮನೆಗೆ ಬಂದ ಮೇಲೆ ಇಬ್ಬರೂ ಡಬ್ಬ ಬಿಚ್ಚಲು ಹೋಗಲಿಲ್ಲ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು, ಎದುರಿನ ಕುರ್ಚಿ ತೋರಿಸಿದಳು. "ಕೈ ಕೊಡಿ ಇಲ್ಲಿ. ಅದಲ್ಲ, ಎಡಗೈ. ನನ್ನ ಬೆರಳು ಹಿಂಡಿ."

ಅವನು ಹಿಂಡಿದ. ಹಲ್ಲು ಕಚ್ಚಿ ಹಿಂಡಿದ. ಅವಳು ಮುಖ ನೋಡುತ್ತಲೇ ಕೇಳಿದಳು. "ಹಿಂಡೋಕೆ ಶುರು ಮಾಡಿದ್ರಾ?"

ಅವನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು. "ಏನಾಯ್ತೀಗ? ಸ್ವಲ್ಪ ಜೋಮು ಹಿಡಿದಿದೆ, ಹೋಗುತ್ತೆ. ಇಷ್ಟು ವರ್ಷ ಒಂದು ನಾಯಿಮರಿಗೂ ತಾಗಿಸಿದವನಲ್ಲ ನಾನು. ಬಲಗೈ ಕಬ್ಬಿಣದ ಹಾಗಿದೆ. ರಿಟೈರ್ ಆಗೋಕೆ ಇನ್ನೆಷ್ಟು ದಿನ ಇದೆ? ಅಷ್ಟರಲ್ಲಿ ಹೋಗಿ ಆ ಛತ್ರಿ ಕೋಣೇಲಿ ಕೂತ್ಕೊಳ್ಲಾ? ನಿನಗೆ ಅದು ಬೇಕಾ?"

"ನನಗೆ ಬೇಡ. ನಿಮಗೂ ಬೇಡ, ನನಗೆ ಗೊತ್ತಿಲ್ವಾ?" ಎಂದಳು. "ಆದ್ರೆ ಒಂದು ಟವಲ್ ಹಿಡಿಯೋಕಾಗ್ಲಿಲ್ಲ ರೀ ಈ ಕೈಗೆ. ಬಸ್ಸು ಟವಲ್ ಅಲ್ಲ, ಹಾರಿಹೋದ್ರೆ ಕೆಳಗೆ ಹೋಗಿ ಆರಿಸ್ಕೊಂಡು ಬರೋಕೆ."

"ಏನೂ ಆಗಲ್ಲ. ನನಗೆ ನನ್ನ ಬಸ್ಸು ಗೊತ್ತು."

ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ನಾಳೆಗೆ ಏನು ಅಡುಗೆ ಎಂದು ಕೇಳುವ ದನಿಯಲ್ಲೇ ಕೇಳಿದಳು. "ಸರಿ ಹಾಗಾದ್ರೆ. ಮಗಳು ಶನಿವಾರ ಮಗೂನ ಎತ್ಕೊಂಡು ನಿಮ್ಮ ಬಸ್ಸಲ್ಲೇ ಬರ್ತಾಳಲ್ಲ, ಅಪ್ಪನ ಬಸ್ಸು ಅಂತ ಎರಡು ಬಸ್ಸು ಬಿಟ್ಟು ಕಾದು ಹತ್ತುತ್ತಾಳಲ್ಲ. ಈ ಶನಿವಾರಾನೂ ಬರ್ಲಾ?"

ಬರ್ಲಿ ಎನ್ನಲು ಅವನು ಬಾಯಿ ತೆರೆದ. ಆ ಬಸ್ಸಿನ ದಾರಿಯಲ್ಲಿ ಸೇತುವೆ ಇಳಿದ ಕೂಡಲೇ ಒಂದು ತಿರುವಿತ್ತು, ಎಡಕ್ಕೆ ಪೂರ್ತಿ ಮುರಿದು ಮತ್ತೆ ಬಲಕ್ಕೆ ಎಳೆಯಬೇಕಾದ್ದು. ಅಲ್ಲಿ ಎರಡು ಸಲ ಮುಂಗೈ ಸ್ಟೀರಿಂಗಿನಿಂದ ಕಳಚಿಕೊಂಡಿತ್ತು. ಎರಡನೇ ಸಲ ಮುಂದಿನ ಚಕ್ರ ಫುಟ್‌ಪಾತ್ ಹತ್ತಿ ಇಳಿದಿತ್ತು. ಹಿಂದೆ ಕೂತವರು ರಸ್ತೆಯ ಹೊಂಡವೆಂದು ರಸ್ತೆ ಮಾಡಿದವರನ್ನು ಬೈದಿದ್ದರು. ಅವನು ಕನ್ನಡಿಯಲ್ಲಿ ಅವರ ಮುಖ ನೋಡಿ ತಾನೂ ಬೈದಿದ್ದ.

"ಬೇಡ" ಎಂದ.

"ಏನಂದ್ರಿ?"

"ಬೇಡ. ಅವಳು ಹತ್ತೋದು ಬೇಡ."

ಬೇರೆಯವರ ಮಕ್ಕಳು ಹತ್ತಬಹುದಾ ಎಂದು ಅವಳು ಕೇಳಬಹುದಿತ್ತು. ಕೇಳುವ ಅಗತ್ಯ ಬೀಳಲಿಲ್ಲ. ಅವನು ಬಲಗೈಯಲ್ಲಿ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟು, ಡ್ಯೂಟಿ ಹಾಕುವ ಇನ್‌ಸ್ಪೆಕ್ಟರಿಗೆ ಕರೆ ಮಾಡಿ ಸ್ಪೀಕರ್ ಒತ್ತಿದ. ಇನ್‌ಸ್ಪೆಕ್ಟರು ಅವನಿಗಿಂತ ಚಿಕ್ಕವನು, ಅವನ ಕೈಕೆಳಗೇ ಬಸ್ಸು ಕಲಿತವನು.

"ಹೇಳಿ ಬೆಣ್ಣೆಯಣ್ಣ, ಭಾನುವಾರಾನೂ ನೆಮ್ಮದಿ ಇಲ್ವಾ? ನಾಳೆ ರಜಾನಾ?"

"ರಜಾ ಅಲ್ಲಪ್ಪ. ನಾಳೆ ನನ್ನ ಬಸ್ಸಿಗೆ ಬೇರೆಯವರನ್ನ ಹಾಕು. ನಾಳಿದ್ದೂ ಅಷ್ಟೇ." "ಎಡಗೈ ಹೋಗಿದೆ. ಹಿಡಿತ ಇಲ್ಲ. ಇನ್ನು ನಾನು ಓಡಿಸಲ್ಲ."

ಆ ಕಡೆ ಟಿವಿಯ ಸದ್ದು ನಿಂತಿತು. ಯಾರೋ ಬಾಗಿಲು ಹಾಕಿದರು. ಹೆಂಡತಿ ಅವನ ಸತ್ತ ಬೆರಳುಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದಳು, ಕಣ್ಣು ತುಂಬಿಕೊಂಡು, ಸರಿಯಾಗಿ ಮಾಡಿದಿರಿ ಎಂಬಂತೆ ತಲೆಯಾಡಿಸಿದಳು. ಅವನಿಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಅಣ್ಣ" ಎಂದ ಇನ್‌ಸ್ಪೆಕ್ಟರು. ದನಿ ಬದಲಾಗಿತ್ತು, ಕಚೇರಿಯದಾಗಿತ್ತು. "ನಾನು ಮೇಲಕ್ಕೆ ತಿಳಿಸ್ಬೇಕಾಗುತ್ತೆ. ನಿಜ ಹೇಳಿ. ಯಾವಾಗಿಂದ ಹೀಗೆ?"

ಮೇಲೆ ಫ್ಯಾನು ತಿರುಗುತ್ತಿತ್ತು, ಕಿಟಕಿಗಳೆಲ್ಲ ತೆರೆದಿದ್ದವು, ಬೇಸಿಗೆ ಅರ್ಧ ಕಳೆದಿತ್ತು. ಟವಲು ಹಾರಿದ ಸಂಜೆಯಿಂದ ಎನ್ನುತ್ತಾನೆಂದು ಹೆಂಡತಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಚಳಿ ಶುರುವಾದಾಗಿಂದ" ಎಂದ ಬೆಣ್ಣೆ.

ಇನ್‌ಸ್ಪೆಕ್ಟರು ಏನೋ ಹೇಳುತ್ತಿದ್ದ. ಅವಳಿಗೆ ಅದು ಕೇಳಲಿಲ್ಲ.

"ಅಷ್ಟೂ ಶನಿವಾರ?" ಎಂದಳು.

ಅವನು ಹೂಂ ಎಂದ.

ಅವಳು ಅವನ ಕೈಯನ್ನು ಮೇಜಿನ ಮೇಲೆ ಬಿಟ್ಟು, ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.