ಬನ್ನಿ ಕೊಡಲು ಯಾರೂ ಬರದ ದಸರಾ

ಬ್ರಿಟಿಷರ ಆಳ್ವಿಕೆ, ಯುದ್ಧದ ಕಾಲವದು. ನನ್ನ ಗಂಡ ಮಾಳಮಡ್ಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಸಂಜೆ ಓಣಿಯವರಿಗೆ ಪೇಪರು ಓದಿ ಹೇಳುತ್ತಿದ್ದರು. ಅವರು ಮಾಡಿದ್ದು ಅಷ್ಟೇ. ಒಂದು ಬೆಳಿಗ್ಗೆ ಪೊಲೀಸರು ಬಂದು, ಬಾಯಿಗಿಟ್ಟ ತುತ್ತು ನುಂಗಲೂ ಬಿಡದೆ ಕರೆದುಕೊಂಡು ಹೋದರು. ಕೋರ್ಟಿಲ್ಲ, ಸಾಕ್ಷಿಯಿಲ್ಲ. ಏನು ತಪ್ಪು ಎಂದು ಅತ್ತೆ ಕೇಳಿದರೆ, ತಪ್ಪು ಹೇಳಬೇಕೆಂಬ ನಿಯಮ ಈಗಿಲ್ಲ, ಮೇಲಿನ ಸಾಹೇಬರ ಸಹಿ ಇದ್ದರಾಯಿತು ಎಂದರು. ಎಂದು ಬಿಡುತ್ತೀರಿ ಎಂದರೆ, ಅದೂ ಸಾಹೇಬರ ಮರ್ಜಿ. ಸಂತೆಯಲ್ಲಿ ಬದನೆಕಾಯಿ ಬೇಡವೆನ್ನುವವನೂ ಹುಳುಕು ತೋರಿಸಿ ಬೇಡವೆನ್ನುತ್ತಾನೆ. ಇವರಿಗೆ ಅಷ್ಟೂ ಬೇಕಿರಲಿಲ್ಲ.

ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಿನ್ನ ರೊಟ್ಟಿಯಲ್ಲಿ ಹಿಂದೂಸ್ತಾನದ ನಕಾಶೆ ಕಾಣುತ್ತದೆ ಎಂದು ಅವರು ಉಣ್ಣುವಾಗಲೆಲ್ಲ ಕಾಡಿಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಅವರು ಹೋದ ಮೇಲೆ ದುಂಡಗೆ ತಟ್ಟುವುದನ್ನು ಕಲಿತೆ, ತೋರಿಸಲು ಅವರಿರಲಿಲ್ಲ. ಆ ಕಾಡಿಸುವ ದನಿಗಾಗಿ ನಾನು ಹಂಬಲಿಸಿದಷ್ಟು ಬೇರೆ ಯಾವುದಕ್ಕೂ ಹಂಬಲಿಸಿಲ್ಲ.

ಎದುರಿನ ಹಿಟ್ಟಿನ ಗಿರಣಿಯ ಕಟ್ಟೆಗೆ ಸಾದಾ ಬಟ್ಟೆಯ ಪೊಲೀಸನೊಬ್ಬ ಬಂದು ಕೂತ. ನಮ್ಮ ಮನೆಗೆ ಬಂದವರನ್ನೆಲ್ಲ ಮರುದಿನ ಚೌಕಿಗೆ ಕರೆಸಿ, ಆ ಮನೆಯಲ್ಲಿ ನಿನಗೇನು ಕೆಲಸ ಎಂದು ಕೇಳುತ್ತಿದ್ದರು. ಜನ ಬರುವುದು ನಿಂತಿತು. ಆದರೆ ಅತ್ತೆಗೆ ದಸರೆಯ ಮೇಲೆ ಭಾರೀ ಭರವಸೆ. ಅವತ್ತು ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿ ಪದ್ಧತಿ. ಓಣಿಗೆಲ್ಲ ಹಿರಿಯರು ಅತ್ತೆಯೇ, ಮೊದಲ ಬನ್ನಿ ಅವರಿಗೇ. ಹಬ್ಬದ ದಿನ ಯಾರು ತಪ್ಪಿಸುತ್ತಾರೆ ಎಂದು ಜಮಖಾನ ಹಾಸಿ ಕೂತರು.

ದೀಪ ಹಚ್ಚುವ ಹೊತ್ತಾಯಿತು, ಒಂದು ಮಗುವೂ ಬರಲಿಲ್ಲ. ಅತ್ತೆ ತಾವೇ ಬನ್ನಿಯ ತಾಟು ಹಿಡಿದು ಎದ್ದರು. ಅವರ ವಯಸ್ಸಿನವರು ಹಾಗೆ ಹೊರಡುವುದು ಎಲ್ಲೂ ಇಲ್ಲ. ನಾನು ಹಿಂದೆಯೇ ನಡೆದೆ. ಹೋದದ್ದು ಅವರ ಗೆಳತಿಯ ಮನೆಗೆ, ಇಬ್ಬರೂ ಈ ಓಣಿಗೆ ಒಂದೇ ವರ್ಷ ಸೊಸೆಯಾಗಿ ಬಂದವರು. ಬಾಗಿಲು ಬಡಿಯಲು ಅತ್ತೆ ಕೈಯೆತ್ತಿದರು. ಹಿಂತಿರುಗಿ ನೋಡಿದರೆ ಆ ಪೊಲೀಸ ತಂಬಾಕು ತಿಕ್ಕುತ್ತ ಬರುತ್ತಿದ್ದ. ಎತ್ತಿದ ಕೈ ಇಳಿಸಿದರು.

“ಆಕಿ ಮಗಾ ಸರ್ಕಾರಿ ನೌಕರ್ಯಾಗ ಅದಾನವಾ,” ಎಂದರು. “ನಾವು ಬಾಗಲಾ ಬಡದ್ರ ನಾಳಿ ಅವನ್ನ ಕರೀತಾರ. ನಡಿ, ಮನಿಗಿ ಹೋಗೂಣು.”

ಅಂದಿನಿಂದ ನಮ್ಮ ಬಾಗಿಲನ್ನು ನಾವೇ ಹಾಕಿಕೊಂಡೆವು. ಕೆಲವು ತಿಂಗಳ ಮೇಲೆ ಕಾವಲಿನವನನ್ನು ತೆಗೆದರು, ಆದರೂ ಬಾಗಿಲು ತೆರೆಯಲಿಲ್ಲ. ಬೇಸಿಗೆಯಲ್ಲಿ ಅತ್ತೆ ಮಗನ ಮುಖ ಕಾಣದೆಯೇ ತೀರಿಕೊಂಡರು. ಆಮೇಲೆ ನನ್ನ ಗಂಡನನ್ನು ಬಿಟ್ಟರು. ಹಿಡಿದದ್ದಕ್ಕೆ ಕಾರಣ ಹೇಳದವರು ಬಿಟ್ಟದ್ದಕ್ಕೆ ಹೇಳುತ್ತಾರೆಯೇ?

ಅವರು ಬಂದ ದಿನ ಅತ್ತೆಯ ಗೆಳತಿ ನಮ್ಮ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತರು.

“ಅವತ್ತ ನಿಮ್ಮ ಮಾತೆಲ್ಲಾ ಕೇಳಿಸ್ತಿತ್ತವಾ,” ಎಂದರು. “ಬನ್ನಿ ಹಿಡಕೊಂಡು, ಅಗಳಿ ಮ್ಯಾಲ ಕೈ ಇಟ್ಟು ಒಳಗ ನಿಂತಿದ್ದೆ. ಬಡದಿದ್ರ ತಗೀತಿದ್ದೆ.”

ಆಕೆಯಾದರೂ ಬರಬೇಕಿತ್ತು ಎಂದು ಅತ್ತೆ ಸಾಯುವವರೆಗೂ ಅನ್ನುತ್ತಿದ್ದರು. ಅದನ್ನು ನಾನು ಈ ಗೆಳತಿಗೆ ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ.