ಅಡುಗೆಯ ಪುಟ್ಟಯ್ಯನ ಸಾವು

ನ್ಯಾಮತಿಯ ಜವಳಿ ವ್ಯಾಪಾರಿ ಬೆನಕಪ್ಪನವರು ಸೀರೆ ಮಡಚುವಾಗಲೂ ಅವರ ತೊಡೆಯ ಮೇಲೊಂದು ಕಾದಂಬರಿ ತೆರೆದಿರುತ್ತಿತ್ತು. ಯಾವುದೋ ಒಂದಲ್ಲ, ಪತ್ತೇದಾರ ಪ್ರಭಂಜನನದೇ ಆಗಬೇಕು. ಪ್ರಭಂಜನ ಬೇಸಿಗೆಯಲ್ಲೂ ಮಫ್ಲರ್ ಸುತ್ತುತ್ತಾನೆಂದು ಇವರೂ ಸುತ್ತಿ, ಏಪ್ರಿಲ್ ತಿಂಗಳಲ್ಲಿ ಕತ್ತಿನ ತುಂಬ ಬೆವರುಸಾಲೆ ಎಬ್ಬಿಸಿಕೊಂಡಿದ್ದರು. ಪ್ರಭಂಜನನ ಕಾರು ಯಾವ ಬಣ್ಣದ್ದು, ಅವನ ಮನೆಯ ಗೇಟು ಕಿರುಗುಟ್ಟುವುದು ತೆಗೆಯುವಾಗಲೋ ಮುಚ್ಚುವಾಗಲೋ ಎಂದು ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಇಬ್ಬರು ಓದುಗರು ಕಿತ್ತಾಡಿದರೆ, ಮೂರನೆಯವರು "ನ್ಯಾಮತಿ ಬೆನಕಪ್ಪರನ್ನ ಕೇಳ್ರಿ" ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರು ಪ್ರಶ್ನೆ ಹೊತ್ತು ತರುತ್ತಿದ್ದ, ಮರುದಿನ ಉತ್ತರ ಒಯ್ಯುತ್ತಿದ್ದ. ಆ ಉತ್ತರದ ಮೇಲೆ ಮತ್ತೆ ಮಾತಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಬಂದ ಕಾದಂಬರಿಯಲ್ಲಿ ಪ್ರಭಂಜನನ ಅಡುಗೆಯವನಾದ ಪುಟ್ಟಯ್ಯ ಸತ್ತ. ಒಡೆಯನ ಕಾಫಿಗೆ ಸಕ್ಕರೆ ಸರಿಯಾಗಿದೆಯೇ ಎಂದು ರುಚಿ ನೋಡಿದ. ಕಾಫಿಯಲ್ಲಿ ಯಾರೋ ವಿಷ ಬೆರೆಸಿದ್ದರು. ಬೆನಕಪ್ಪನವರು ಅಂಗಡಿಯ ಬಾಗಿಲು ಅರ್ಧ ಎಳೆದು ಅತ್ತರು. ಹೆಂಡತಿ ಕಲ್ಲಮ್ಮ ಒಳಗಿನಿಂದ ಓಡಿ ಬಂದರು.

"ಯಾರು ಹೋದ್ರು?"

"ಪುಟ್ಟಯ್ಯ."

"ಯಾವ ಪುಟ್ಟಯ್ಯ? ಸಾಸ್ವೆಹಳ್ಳಿಯೋನಾ?"

ವಿಷಯ ತಿಳಿದ ಮೇಲೆ ಕಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಆದರೆ ಸಂಜೆ ಗಂಡ ಸತ್ತವನ ಹೆಸರಿನ ಊಟದ ಮಾತೆತ್ತಿದಾಗ ಅವರ ನಗು ನಿಂತಿತು.

"ಒಡೆಯನ ಜೀವ ಉಳಿಸಿದೋನು ಕಣೇ. ಹಿಂದೆ ಮುಂದೆ ಯಾರೂ ಇಲ್ಲ. ಶಿವಗಣಾರಾಧನೆ ನಾವೇ ಮಾಡ್ಬೇಕು."

"ಆತ ನಮ್ಮೋನು ಅಂತ ಯಾರು ಹೇಳಿದ್ರು ನಿಮಗೆ?"

"ಎರಡನೇ ಕಾದಂಬರೀಲಿ ವಿಭೂತಿ ಹಚ್ಕಂಡು ಒಲೆ ಮುಂದೆ ಕುಂತ ಅಂತ ಐತೆ. ಇನ್ನೇನು ಬೇಕು?"

ಆರಾಧನೆಯ ದಿನ ಬಂದ ಸ್ವಾಮಿಗಳು ಲಿಂಗೈಕ್ಯರ ಫೋಟೋ ಎಲ್ಲಿ ಎಂದು ಕೇಳಿದರು. ಪುಟ್ಟಯ್ಯನ ಮುಖ ಯಾವ ಕಾದಂಬರಿಯ ಮುಖಪುಟದಲ್ಲೂ ಬಂದಿರಲಿಲ್ಲ. ಒಂದರಲ್ಲಿ ಮಾತ್ರ, ಬಾಗಿಲ ಸಂದಿಯಿಂದ ಕಾಫಿಯ ಲೋಟ ಚಾಚಿದ ಒಂದು ಕೈ ಇತ್ತು. ಬೆನಕಪ್ಪನವರು ಆ ಕೈಗೇ ಹಾರ ಹಾಕಿದ್ದರು. ಸ್ವಾಮಿಗಳು ಕೈಯನ್ನು ನೋಡಿದರು, ಬೆನಕಪ್ಪನವರನ್ನು ನೋಡಿದರು, ಕಣ್ಣು ಮುಚ್ಚಿಕೊಂಡು ಮಂತ್ರ ಶುರು ಮಾಡಿದರು. ಇಡೀ ಬೀದಿ ಗೋಧಿ ಹುಗ್ಗಿ ಉಂಡಿತು. ಜಗಳೂರಿನಿಂದ ಬಂದಿದ್ದ ಶೇಂಗಾ ವ್ಯಾಪಾರಿ ತಿಪ್ಪೇಶಪ್ಪ, ಅವನೂ ಪ್ರಭಂಜನನ ಭಕ್ತನೇ, ಎರಡು ಸಲ ಬಡಿಸಿಕೊಂಡು, "ಪುಣ್ಯವಂತ, ಪುಣ್ಯವಂತ" ಎಂದು ಕಣ್ಣೊರೆಸಿಕೊಂಡ.

ನಾಲ್ಕು ವರ್ಷ ಕಳೆಯಿತು. ಹೊಸ ಕಾದಂಬರಿಯೊಂದರಲ್ಲಿ ಪ್ರಭಂಜನ ಮಳೆಯಲ್ಲಿ ನೆನೆದು ಮನೆಗೆ ಬಂದು ಕುಳಿತ. "ಪುಟ್ಟಯ್ಯ ಬಿಸಿ ಕಾಫಿ ತಂದಿಟ್ಟ" ಎಂದು ಮುಂದಿನ ಸಾಲು.

ಬೆನಕಪ್ಪನವರು ಗಲ್ಲಾದಿಂದ ಜಿಗಿದೆದ್ದರು. "ಲೇ ಇವಳೇ! ಪುಟ್ಟಯ್ಯ ಬದುಕ್ಯಾನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಆ ಗಳಿಗೆ ಅವರ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ. ದೂರ ಹೋದ ನೆಂಟ ಸಂಜೆಯ ಬಸ್ಸಿಗೆ ಇಳಿದಷ್ಟು ಹಗುರವಾಗಿದ್ದರು.

"ಹಂಗಾದ್ರೆ ಅವತ್ತು ಉಂಡ ಹುಗ್ಗಿ ಯಾರದು?" ಎಂದರು ಕಲ್ಲಮ್ಮ.

ಬೆನಕಪ್ಪನವರು ಮೆಲ್ಲಗೆ ಕುಳಿತರು.

ತಿಪ್ಪೇಶಪ್ಪ ಸುಮ್ಮನಿರುವ ಆಸಾಮಿಯಲ್ಲ. ಬದುಕಿರುವವನ ಆರಾಧನೆ ಮಾಡಿದ ಮಹಾನುಭಾವರು ಎಂದು ನಾಲ್ಕೂ ಊರಿನಲ್ಲಿ ಹೇಳಿಕೊಂಡು ಬಂದ. ಪಂಚೆ ಕೊಳ್ಳಲು ಬಂದವರು, "ನಂದೂ ಒಂದು ಮಾಡಿಬಿಡ್ರಿ ಬೆನಕಪ್ಪಾರೇ, ನಾನೇ ಬಂದು ಉಂಡು ಹೋಗ್ತೀನಿ" ಎನ್ನತೊಡಗಿದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕಂಡಕ್ಟರು ಪ್ರಶ್ನೆ ತರುವುದನ್ನು ನಿಲ್ಲಿಸಿದ. ಬಸ್ಸು ಬಂದು ನಿಂತು ಹೋಗುವುದನ್ನು ಬೆನಕಪ್ಪನವರು ಅಂಗಡಿಯಿಂದಲೇ ನೋಡುತ್ತಿದ್ದರು.

ಅವರದೂ ಒಂದು ವಾದವಿತ್ತು. "ಹಳೇ ಪುಟ್ಟಯ್ಯ ಯಾವತ್ತೂ ಕಾಫೀನ ಕೈಗೆ ಕೊಡ್ತಿದ್ದ. ಈತ ಮೇಜಿನ ಮೇಲೆ ಇಟ್ಟಾನೆ. ಹೆಸರು ಒಂದೇ, ಆಸಾಮಿ ಬೇರೆ."

"ವಯಸ್ಸಾತು ರೀ, ಕೈ ನಡುಗ್ತಾವೆ, ಇಟ್ಟಾನೆ!" ಎಂದ ತಿಪ್ಪೇಶಪ್ಪ.

ಮರುವರ್ಷದ ರಾಜ್ಯೋತ್ಸವಕ್ಕೆ ಪ್ರಭಂಜನನ ಕಾದಂಬರಿಕಾರರೇ ಹೊನ್ನಾಳಿಗೆ ಬರುತ್ತಾರೆಂದು ಸುದ್ದಿಯಾಯಿತು. ಬರೆದವರ ಬಾಯಿಂದಲೇ "ಇವನು ಬೇರೆ" ಎಂಬ ಒಂದು ಮಾತು ಬಂದರೆ ಸಾಕೆಂದು ಬೆನಕಪ್ಪನವರು ಮಫ್ಲರ್ ಸುತ್ತಿ ಹೊರಟರು. ಭಾಷಣ ಮುಗಿದ ಮೇಲೆ ಓದುಗರು ಕಾದಂಬರಿಕಾರರನ್ನು ಬಸ್‌ಸ್ಟ್ಯಾಂಡಿನ ಎದುರು ಕೊಟ್ರಬಸಪ್ಪನ ಬಾಡಿಗೆ ಪುಸ್ತಕದಂಗಡಿಗೆ ಕರೆತಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ಚನ್ನಗಿರಿಯವರು, ಜಗಳೂರಿನವರು ಸುತ್ತ ನೆರೆದಿದ್ದರು. ಬೆನಕಪ್ಪನವರು ಪುಟ್ಟಯ್ಯನ ಪ್ರಶ್ನೆ ಎತ್ತಿದರು.

"ಪುಟ್ಟಯ್ಯನಾ?" ಎಂದರು ಕಾದಂಬರಿಕಾರರು. "ಅವನು ಸತ್ತಿದ್ನಾ?"

ತಿಪ್ಪೇಶಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಕೊಟ್ರಬಸಪ್ಪನೇ ಸಂಕೋಚದಿಂದ ಆರಾಧನೆಯ ಸಂಗತಿಯನ್ನೆಲ್ಲ ಹೇಳಿದ. ಕೈಗೆ ಹಾಕಿದ ಹಾರದವರೆಗೆ ಬಂದಾಗ ಕಾದಂಬರಿಕಾರರು ಕಚ್ಚಿದ ಬಜ್ಜಿಯನ್ನು ಕೆಳಗಿಟ್ಟರು. ಎದ್ದು ನಿಂತು ಬೆನಕಪ್ಪನವರಿಗೆ ಕೈಮುಗಿದರು.

"ಮರೆವು ನನ್ನದು. ನೀವು ನಗೆಪಾಟಲಾಗೋದು ಬೇಡ. ಮುಂದಿನದರಲ್ಲಿ ಒಂದು ಸಾಲು ಸೇರಿಸ್ತೀನಿ. ಇವನು ಸತ್ತವನ ತಮ್ಮ, ಅಣ್ಣನ ನೆನಪಿಗೆ ಅದೇ ಹೆಸರಿಂದ ಕರೀತಾರೆ ಅಂತ. ಆಗಬಹುದಾ?"

ತಿಪ್ಪೇಶಪ್ಪನ ನಗು ಅಲ್ಲಿಗೇ ನಿಂತಿತು. ಎಲ್ಲರೂ ಬೆನಕಪ್ಪನವರ ಮುಖ ನೋಡಿದರು. ಅವರು ಮಫ್ಲರಿನ ತುದಿ ಎಳೆದುಕೊಂಡರು.

"ಹಂಗೆ ಬರೆದ್ರೆ ಅಣ್ಣ ಸತ್ತಿದ್ದು ಖರೆ ಆಗ್ತೈತಲ್ರೀ?"

"ಹೌದಲ್ಲ. ಸತ್ತ."

"ಹಂಗಾರೆ ಬ್ಯಾಡ್ರಿ. ಅವನೇ ಇರ್ಲಿ. ಹುಗ್ಗಿ ಮಾತು ನಾನು ನೋಡ್ಕಂತೀನಿ."

ಕಾದಂಬರಿಕಾರರು ಮತ್ತೆ ಕುಳಿತು ಕೇಳಿದರು: "ಅಲ್ರೀ, ವಿಷ ಕುಡಿದವನು ಬದುಕಿದ್ದು ಹೇಗೆ ಅಂತ ಬರೀಲಿ?"

"ಸತ್ತ ಅಂತ ಡಾಕ್ಟ್ರು ಎಲ್ಲಿ ಹೇಳ್ಯಾರ್ರೀ? ನಾಡಿ ನೋಡಿದೋನು ಪ್ರಭಂಜನ. ಅವತ್ತು ಅವನಿಗೇ ಜ್ವರ. ಬೆರಳಿಗೆ ತಿಳಿದಿಲ್ಲ."

"ಏನಂದ್ರಿ?" ತಿಪ್ಪೇಶಪ್ಪ ಸ್ಟೂಲಿನಿಂದ ಎದ್ದ. "ಪ್ರಭಂಜನ ತಪ್ಪು ಮಾಡ್ದ ಅಂತೀರಾ? ಪ್ರಭಂಜನ?"

"ಜ್ವರ ಬಂದ್ರೆ ಯಾರಾದ್ರೂ ಮಾಡ್ತಾರೆ ಕಣೋ."

"ಇಪ್ಪತ್ತು ಕೊಲೆ ಪತ್ತೆ ಮಾಡಿದೋನಿಗೆ ಒಂದು ನಾಡಿ ಹಿಡಿಯಾಕೆ ಬರಲ್ವಾ?"

ಚನ್ನಗಿರಿಯವರು ಜ್ವರದ ಪಕ್ಷ ಹಿಡಿದರು, ಜಗಳೂರಿನವರೆಲ್ಲ ತಿಪ್ಪೇಶಪ್ಪನ ಬೆನ್ನಿಗೆ ನಿಂತರು. ಅವತ್ತು ಪ್ರಭಂಜನ ಜ್ವರದ ಮಾತ್ರೆ ನುಂಗಿದ್ದು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಯಾರೋ ಕೇಳಿದರು. ಗದ್ದಲವೆಲ್ಲ ಬೆನಕಪ್ಪನವರ ಕಡೆ ತಿರುಗಿತು. ಅವರು ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಕೇಳ್ರಿ ಇಲ್ಲಿ" ಎಂದರು. ದಾವಣಗೆರೆಯ ಬಸ್ಸು ಹಾರ್ನ್ ಹೊಡೆದಾಗ ಕಾದಂಬರಿಕಾರರು ಒಬ್ಬರೇ ರಸ್ತೆ ದಾಟಿ ಹತ್ತಿಕೊಂಡರು. ಅವರನ್ನು ಬೀಳ್ಕೊಡಲು ಅಂಗಡಿಯಿಂದ ಒಬ್ಬರೂ ಹೊರಗೆ ಬರಲಿಲ್ಲ.